ಪ್ರೋಟೀನುಗಳ ಮೇಲೆ ಮಾವನ ಮೇಸ್ತ್ರಿಕೆ

ಪ್ರೋಟೀನು ತಿಂದವರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪ್ರೋಟೀನನ್ನು ಎದುರಿಗೆ ಕೂರಿಸಿಕೊಂಡು ಬೈದವರು, ನನಗೆ ತಿಳಿದಂತೆ, ನನ್ನ ಸೋದರಮಾವ ಒಬ್ಬರೇ. ಅದೂ ಬೆಳಗಿನ ಟೀಗೆ ಮುಂಚೆ!

ಮಾವ ನ್ಯಾಮತಿಯಲ್ಲಿ ಶಾಮಿಯಾನದ ಅಂಗಡಿ ಇಟ್ಟವರು. ಸಾಸ್ವೆಹಳ್ಳಿಯ ಮದುವೆಯಿರಲಿ, ಬಸವಾಪಟ್ಟಣದ ತಿಥಿಯಿರಲಿ, ಕಂಬ ನೆಡುವವರು ಅವರ ಆಳುಗಳು; ನೆಟ್ಟ ಕಂಬಕ್ಕೆ ಬಟ್ಟೆ ಸುತ್ತುವವರು ಮಾತ್ರ ಅವರೇ. ಇನ್ನೊಬ್ಬರು ಸುತ್ತಿದರೆ ಕಂಬಕ್ಕೆ ಜ್ವರ ಬಂದಂತೆ ಕಾಣುತ್ತದಂತೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಮೊದಲು ಅಲ್ಲಿನ ಚಪ್ಪರದ ಗಂಟು ಎಳೆದು ನೋಡಿ, ಆಮೇಲೆಯೇ ಎಲೆಯ ಮುಂದೆ ಕೂರುವುದು. ಒಮ್ಮೆ ಜಗಳೂರಿನಲ್ಲಿ ಹೀಗೆ ಎಳೆದ ಗಂಟು ಬಿಚ್ಚಿಕೊಂಡು, ಬೀಗರೆಲ್ಲ ಬಟ್ಟೆಯ ಕೆಳಗೆ ಸಿಕ್ಕಿಕೊಂಡರು. "ನಾನು ಹೇಳ್ಲಿಲ್ವಾ, ಗಂಟು ಸಡ್ಲ ಐತೆ ಅಂತ" ಎಂದರು ಮಾವ. ಅವರು ಯಾರಿಗೂ ಹೇಳಿರಲೇ ಇಲ್ಲ.

ಇಂಥವರ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಹೋದ ವರ್ಷ ಜ್ವರ, ಭೇದಿ ಬಂದು ಹೋಯಿತು. ಅದು ಹೋದ ಮೇಲೆ ಕಾಲು ಜೋಮು ಹಿಡಿಯಿತು. ನಾಲ್ಕಾರು ದಿನದಲ್ಲಿ ಎದ್ದು ನಿಲ್ಲಲಾರದಂತಾದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾವನನ್ನೂ ನನ್ನನ್ನೂ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು:

"ನರದ ಸುತ್ತ ಮಯಲಿನ್ ಅನ್ನೋ ಹೊದಿಕೆ ಇರುತ್ತೆ. ಪದರದ ಮೇಲೆ ಪದರ ಸುತ್ತಿರುತ್ತೆ. ಆ ಪದರಗಳನ್ನ ಒಂದಕ್ಕೊಂದು ಬಿಗಿಯಾಗಿ ಹಿಡಿದಿಡೋದು ಕೆಲವು ಪ್ರೋಟೀನುಗಳು. ರೋಗದ ಜೊತೆ ಹೋರಾಡಬೇಕಾದ ಮೈಯ ಶಕ್ತಿನೇ ದಾರಿ ತಪ್ಪಿ ಆ ಹೊದಿಕೆನ ಕಿತ್ತಿದೆ. ಅದಕ್ಕೇ ಮೆದುಳು ಹೇಳಿದ್ದು ಕಾಲಿಗೆ ಮುಟ್ತಿಲ್ಲ, ಕಾಲಿಗೆ ತಾಗಿದ್ದು ಮೆದುಳಿಗೆ ಗೊತ್ತಾಗ್ತಿಲ್ಲ."

"ಅಂದ್ರೆ ಕಂಬ ಐತೆ, ಬಟ್ಟೆ ಹೋಗೈತೆ" ಎಂದರು ಮಾವ.

"ಹೆಚ್ಚುಕಡಿಮೆ ಹಾಗೇ."

"ಮತ್ತೆ ಸುತ್ತೋರು ಯಾರ್ರೀ?"

"ಅಲ್ಲೇ ಇರೋ ಜೀವಕೋಶಗಳು. ಹೊಸ ಪ್ರೋಟೀನು ತಯಾರಿಸಿಕೊಂಡು ಮತ್ತೆ ಸುತ್ತುತ್ತವೆ. ತಿಂಗಳುಗಟ್ಟಲೆ ಹಿಡಿಯುತ್ತೆ. ಆದ್ರೆ ಒಳಗಿನ ನರಕ್ಕೇ ಪೆಟ್ಟು ಬಿದ್ದಿದ್ರೆ ಕಷ್ಟ. ಎಲ್ಲಾ ಮೊದಲಿನ ಹಾಗೆ ಆಗುತ್ತೆ ಅಂತ ಈಗಲೇ ಮಾತು ಕೊಡಕ್ಕಾಗಲ್ಲ."

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಬಿಚ್ಚಾಕೆ ನಾಕು ದಿನ, ಕಟ್ಟಾಕೆ ತಿಂಗ್ಳುಗಟ್ಲೆ. ಇರ್ಲಿ ಬಿಡ್ರಿ ಮೇಡಂ, ನಮ್ ಧಂದೆನೂ ಹಂಗೇಯ."

ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಹೊನ್ನಾಳಿಯಿಂದ ಬಂದು ನಾನೂ ಅಲ್ಲೇ ಉಳಿದೆ. ಮಾವ ಪ್ರೋಟೀನಿನ ಬೇಟೆಗೆ ಹೊರಟರು. ಹುರುಳಿ, ಹೆಸರುಕಾಳು, ಶೇಂಗಾ, ಅಲಸಂದೆ. ಅಡುಗೆಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಏನಾದರೊಂದು ನೆನೆಯುತ್ತಿತ್ತು, ಇಲ್ಲವೇ ಮೊಳೆಯುತ್ತಿತ್ತು. ಬೆಳಿಗ್ಗೆ ಹುರುಳಿಕಟ್ಟಿನ ಸಾರು, ಮಧ್ಯಾಹ್ನ ಹುರುಳಿ ಉಸಲಿ.

"ನಾನೇನು ಗಾಡಿ ಎತ್ತೇನ್ರೀ? ಹುರುಳಿ ಹಾಕಿ ಹಾಕಿ ಎಲ್ಲಿಗೆ ಹೂಡ್ತೀರಿ?" ಎಂದು ಅತ್ತೆ ಕೇಳಿದರು.

ಕೊನೆಗೆ ಮಾವ ಡಾಕ್ಟರಮ್ಮನಿಗೇ ಫೋನು ಮಾಡಿದರು. ಒಳ್ಳೆಯ ಊಟ ಬೇಕು, ಆದರೆ ತಿಂದ ಪ್ರೋಟೀನು ನೇರವಾಗಿ ನರಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ, ಹೊಟ್ಟೆ ಅದನ್ನು ಚೂರು ಮಾಡುತ್ತದೆ, ಆ ಚೂರುಗಳಿಂದ ಜೀವಕೋಶಗಳು ತಮಗೆ ಬೇಕಾದ್ದನ್ನು ಬೇರೆಯಾಗಿ ಕಟ್ಟಿಕೊಳ್ಳುತ್ತವೆ ಎಂದು ಆ ತಾಯಿ ವಿವರಿಸಿದರು. ಮಾವನಿಗೆ ನಿಜವಾಗಿಯೂ ನೋವಾಯಿತು. ಫೋನಿಟ್ಟು ನನ್ನ ಕಡೆ ತಿರುಗಿದರು. "ನೋಡವ್ವ, ನಾವು ಇಡೀ ಕಂಬ ಕಳಿಸ್ತೀವಿ. ಅವ್ರು ಮುರಿದು ಸೌದೆ ಮಾಡಿ, ಅದ್ರಾಗೆ ತಮಗೆ ಬೇಕಾದ ಕಂಬ ಮಾಡ್ಕಂತಾರಂತೆ. ಇಂಥ ಆಳುಗಳ್ನ ಕಟ್ಕಂಡು ಯಾವ ಚಪ್ಪರ ಎಬ್ಸೋದು?"

ನೋಡಲು ಬಂದವರಿಗೆಲ್ಲ ನನ್ನ ಲಟ್ಟಣಿಗೆಗೆ ಸೀರೆ ಸುತ್ತಿ ಮಯಲಿನ್ ತೋರಿಸುತ್ತಿದ್ದರು. ಚಪಾತಿ ಮಾಡುವ ಹೊತ್ತಿಗೆ ಲಟ್ಟಣಿಗೆ ಸಿಕ್ಕರೆ ನನ್ನ ಪುಣ್ಯ. ಒಂದು ದಿನ ಅವರ ಹಳೆಯ ಜೊತೆಗಾರ, ಮದುವೆಗಳಿಗೆ ಲೈಟು ಹಾಕುವ ಸಾಹೇಬರು ಬಂದರು. ಪ್ರಾತ್ಯಕ್ಷಿಕೆ ನೋಡಿ ತಲೆಯಾಡಿಸಿದರು.

"ಬಟ್ಟೆ ಅಲ್ಲ ಭಾಯ್, ಇದು ವೈರು. ಮೇಲಿನ ಕವರು ಹೋದ್ರೆ ಕರೆಂಟು ಸೋರ್ತೈತೆ, ಬಲ್ಬು ಹತ್ತಲ್ಲ."

"ನಿನ್ ವೈರಿನ ಕವರು ಒಂದೇ ಪದ್ರ. ಇದು ಸುತ್ತಿನ ಮ್ಯಾಲೆ ಸುತ್ತು. ಬಿಗಿ ಹಿಡಿಯಾಕೆ ಪ್ರೋಟೀನು ಬೇರೆ. ಇದು ಶಾಮಿಯಾನನೇ."

"ಶಾಮಿಯಾನದಾಗೆ ಕರೆಂಟು ಹರೀತೈತೇನು?"

ಟೀ ಆರುವ ತನಕ ನಡೆಯಿತು ವಾದ. ಮಂಚದ ಮೇಲಿಂದ ಅತ್ತೆ ಮೆಲ್ಲಗೆ ಹೇಳಿದರು: "ನಾನು ಹೆಂಗ್ಸು ಕಣ್ರೀ. ಶಾಮಿಯಾನನೂ ಅಲ್ಲ, ಸೀರಿಯಲ್ ಲೈಟೂ ಅಲ್ಲ."

ಪ್ರೋಟೀನುಗಳಿಗೆ ಬೆಳಗಿನ ಬೈಗುಳ ಶುರುವಾದದ್ದು ಅದಾದ ಮೇಲೆ. ಎದ್ದ ಕೂಡಲೇ ಅತ್ತೆಯ ಪಾದದ ಹತ್ತಿರ ಸ್ಟೂಲು ಹಾಕಿಕೊಂಡು ಕೂರುವರು. "ಏಳ್ರೋ, ಬಿಸ್ಲು ಬಂತು. ನಿನ್ನೆ ಎಷ್ಟು ಸುತ್ತು ಹಾಕಿದ್ರಿ? ನಡುನಡುವೆ ಸಂದು ಬಿಡ್ರೋ, ಸುದ್ದಿ ಹಾರ್ಕಂಡು ಹೋಗಾಕೆ ಜಾಗ ಬೇಕಂತೆ. ತೆಳ್ಳಗಾದ್ರೂ ಅಡ್ಡಿಲ್ಲ, ಬಿಗಿ ಇರ್ಲಿ." ಸಂದಿನ ವಿಷಯ, ಹೊಸ ಹೊದಿಕೆ ಹಳೆಯದಕ್ಕಿಂತ ತೆಳುವಾಗಿರುತ್ತದೆಂಬ ವಿಷಯ, ಎಲ್ಲ ಡಾಕ್ಟರಮ್ಮನಿಂದ ಕೇಳಿ ತಿಳಿದದ್ದು. ಪಾಪ, ಆಕೆ ಇವರ ನಂಬರು ಕಂಡರೆ ಬೆವರುತ್ತಿದ್ದರೋ ಏನೋ.

ಬೈದಾದ ಮೇಲೆ ಪರೀಕ್ಷೆ. ಅತ್ತೆ ಕಣ್ಣು ಮುಚ್ಚಬೇಕು, ಮಾವ ಕಾಲಿನ ಒಂದು ಬೆರಳು ಹಿಡಿಯಬೇಕು.

"ಯಾವ ಬೆಳ್ಳು ಹೇಳು?"

"ಹೆಬ್ಬೆಳ್ಳು."

"ಸರಿ ಐತೆ."

ಹಿಟ್ಟು ಕಲಸುತ್ತಾ ಅಡುಗೆಮನೆಯ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಮಾವ ಹಿಡಿದಿದ್ದದ್ದು ಕಿರುಬೆರಳು. ದಿನವೂ ಹೀಗೇ. ದಿನವೂ ಸರಿ ಐತೆ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಅಲ್ಲಿ ಬಿಗಿಯಾಗಿಯೇ ಕಟ್ಟಿದ್ದ ಚಪ್ಪರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಅತ್ತೆಯ ಕಾಲಿಗೆ ಬಿಸಿ ತಿಳಿಯುತ್ತಿರಲಿಲ್ಲವಾದ್ದರಿಂದ, ಕಾಲು ತೊಳೆಯುವ ನೀರಿಗೆ ಮಾವ ಮೊದಲು ತಮ್ಮ ಮೊಣಕೈ ಅದ್ದಿ ನೋಡುವರು. ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಅಂಗೈಯನ್ನು ನಂಬುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಸಂತೇಬೆನ್ನೂರಿನ ಗಿರಾಕಿಯ ಫೋನು ಬಂತು. ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, "ಅಲ್ರೀ, ಹಳದಿ ಬಟ್ಟೆ ಕೇಳಿ ಈಗ ಕೆಂಪು ಅಂದ್ರೆ ಹೆಂಗ್ರೀ" ಎನ್ನುತ್ತಲೇ ಚೊಂಬು ಬಗ್ಗಿಸಿದರು.

"ರೀ, ಸುಡ್ತೈತೆ" ಎಂದರು ಅತ್ತೆ. ಕಾಲು ಒಂದಿಷ್ಟು ಹಿಂದಕ್ಕೆ ಸರಿಯಿತು. ಸರಿದದ್ದು ಅವರಿಗೇ ತಿಳಿಯಲಿಲ್ಲ.

ಫೋನಿನಲ್ಲಿ ಗಿರಾಕಿ ಒಬ್ಬನೇ ಮಾತಾಡುತ್ತಿದ್ದ.

"ಏನಂದಿ?"

"ಸುಡ್ತೈತೆ ಅಂದೆ. ನೋಡಿ ಹಾಕ್ಬಾರ್ದಾ?"

"ಇನ್ನೊಂದ್ ಸಲ ಅನ್ನು."

"ಎಂಥ ಮನುಷ್ಯರೋ. ಸುಡ್ತೈತೆ ಕಣ್ರೀ, ಸುಡ್ತೈತೆ."

ಮಾವ ಚೊಂಬಿನಲ್ಲಿ ಉಳಿದ ನೀರನ್ನು ತಮ್ಮ ಕಾಲಿನ ಮೇಲೆ ಸುರಿದುಕೊಂಡರು. "ಹೌದು ಕಣೇ, ಸುಡ್ತೈತೆ" ಎಂದು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಅತ್ತೆ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಟವೆಲು ಹಿಡಿದು ನಿಂತೇ ಇದ್ದೆ. ಯಾರ ಕಾಲು ಮೊದಲು ಒರೆಸಬೇಕೆಂದು ತಿಳಿಯಲಿಲ್ಲ.