ಹೇಳೋ ಹಾಗಿಲ್ಲ

ಗುಮಾಸ್ತೆ: ಇಲ್ಲ ಯಜಮಾನ್ರೇ, ನಿಮ್ಮ ಹೆಂಡತಿ ಬಗ್ಗೆ ನಾನು ನಿಮಗೆ ಏನೂ ಹೇಳೋ ಹಾಗಿಲ್ಲ.

ಗಂಡ: ನನ್ನ ಹೆಂಡತಿ ಬಗ್ಗೆ ಏನೂ ಹೇಳ್ಬೇಡಿ ತಾಯಿ. ಈಗ ಗೊತ್ತಿರೋದೇ ನಂಗೆ ಬೇಕಾದಷ್ಟಾಗಿದೆ. ಸಹಾಯಕಿ ಯಾವಾಗ ಬರ್ತಾಳೆ, ಅದನ್ನ ಹೇಳಿ.

ಗುಮಾಸ್ತೆ: ಸಹಾಯಕಿ ಬೇಕು ಅಂತ ಅರ್ಜಿ ಬಂದಿದೆಯೋ ಇಲ್ವೋ ಅನ್ನೋದೇ ಗೌಪ್ಯ.

ಗಂಡ: ಅರ್ಜಿ ತಂದುಕೊಟ್ಟೋನು ನಾನೇ ಕಣಮ್ಮ.

ಗುಮಾಸ್ತೆ: ಇರಬಹುದು. ಅದನ್ನ ನೀವು ನಂಗೆ ಹೇಳಬಹುದು. ನಾನು ನಿಮಗೆ ಹೇಳೋ ಹಾಗಿಲ್ಲ.

ಮಂಚದ ಮೇಲೆ ಮಲಗಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. ಸೊಂಟದ ಮೂಳೆ ಬಿರುಕು ಬಿಟ್ಟಿದ್ದರಿಂದ ಚಚ್ಚಿಕೊಳ್ಳಲು ಸದ್ಯ ಹಣೆಯೊಂದೇ ಅವಳ ಕೈಗೆ ಎಟುಕುತ್ತಿತ್ತು. ಮನೆಗೆ ಇದ್ದದ್ದು ಒಂದೇ ಫೋನು. ಅದೂ ಕಿವಿ ಹತ್ತಿರ ಹಿಡಿದರೆ ಮೂಕ, ಸ್ಪೀಕರ್ ಹಾಕಿದರೆ ಡಂಗುರ. ಹೀಗಾಗಿ ನಗರಸಭೆಯ ಆರೈಕೆ ವಿಭಾಗ ಯಾವ ಯಾವ ಗುಟ್ಟನ್ನು ಹೇಳುವಂತಿಲ್ಲ ಎನ್ನುವುದು ಬೀದಿಯ ಎರಡೂ ಬದಿಯ ಮನೆಗಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಗಂಡ ಮೊದಲು ಹೆಂಗಸರ ಬಟ್ಟೆ ಹೊಲಿಯುತ್ತಿದ್ದ ಟೈಲರು, ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದ. ಅಡುಗೆ, ಕಸ, ಮಾತ್ರೆ, ಹೆಂಡತಿಯ ಸ್ನಾನ ಎಲ್ಲವನ್ನೂ ಅವನೇ ನಿಭಾಯಿಸುತ್ತಿದ್ದ. ಹೆಂಡತಿಗೆ ಬೇಕಾಗಿದ್ದದ್ದು ಒಂದೇ ಒಂದು: ಬೆಳಿಗ್ಗೆ ಬಂದು ತನಗೆ ಸ್ನಾನ ಮಾಡಿಸಿ ಹೋಗುವ ಒಬ್ಬ ಹೆಂಗಸು. ಯಾಕೆ ಎಂದು ಅವಳು ಅವನಿಗೂ ಹೇಳಿರಲಿಲ್ಲ.

ಹೆಂಡತಿ: ಕೊಡಿ ಇಲ್ಲಿ. ನಲವತ್ತು ವರ್ಷ ಊರ ಹೆಂಗಸರ ಹತ್ರ ಮಾತಾಡಿದ್ದೀರಿ, ಒಬ್ಬಳನ್ನ ಒಪ್ಪಿಸೋಕಾಗಲ್ಲ ನಿಮಗೆ. ಹಲೋ ಮೇಡಂ, ಅರ್ಜಿ ನಂದೇ.

ಗುಮಾಸ್ತೆ: ಬಹಳ ಸಂತೋಷ ಅಮ್ಮ. ಕೋಣೇಲಿ ನೀವೊಬ್ಬರೇ ಇದ್ದೀರಾ?

ಹೆಂಡತಿ: ಇವರಿದ್ದಾರೆ.

ಗುಮಾಸ್ತೆ: ಇರೋ ಹಾಗಿಲ್ಲ. ಅವರನ್ನ ಹೊರಗೆ ಕಳಿಸಿ ನೀವು ಬಾಗಿಲು ಹಾಕ್ಕೊಂಡು ಬನ್ನಿ.

ಹೆಂಡತಿ: ನಾನು ಎದ್ದು ಬಾಗಿಲು ಹಾಕೋ ಹಾಗಿದ್ರೆ ನಿಮಗ್ಯಾಕಮ್ಮ ಫೋನ್ ಮಾಡ್ತಿದ್ದೆ? ರೀ, ಹೋಗಿ ಹಾಲು ತನ್ನಿ.

ಗಂಡ: ಹಾಲಿದೆಯಲ್ಲೇ.

ಹೆಂಡತಿ: ಇನ್ನೂ ತನ್ನಿ.

ಗಂಡ ಚೀಲ ಹಿಡಿದು ಹೊರಟ. ಹೋಗುವಾಗ ತನ್ನ ಹೆಂಡತಿಯ ಗೌಪ್ಯತೆಗಾಗಿ ಬಾಗಿಲನ್ನು ಬೇಕೆಂದೇ ದಡಾರನೆ ಹಾಕಿಕೊಂಡು ಹೋದ.

ಗುಮಾಸ್ತೆ: ಈಗ ಹೇಳಿ. ನಿಮ್ಮನ್ನ ಯಾರು ನೋಡ್ಕೊಳ್ತಾರೆ?

ಹೆಂಡತಿ: ಅವರೇ.

ಗುಮಾಸ್ತೆ: ಅಡುಗೆ?

ಹೆಂಡತಿ: ಮಾಡ್ತಾರೆ.

ಗುಮಾಸ್ತೆ: ಔಷಧಿ?

ಹೆಂಡತಿ: ಹೊತ್ತು ಹೊತ್ತಿಗೆ ಕೊಡ್ತಾರೆ.

ಗುಮಾಸ್ತೆ: ಹಾಗಾದ್ರೆ ಸಹಾಯಕಿ ಸಿಗಲ್ಲಮ್ಮ. ಮನೇಲಿ ಸಮರ್ಥರು ಯಾರಾದ್ರೂ ಇದ್ರೆ ಕೊಡೋ ಹಾಗಿಲ್ಲ.

ಹೆಂಡತಿ ಬಾಗಿಲ ಕಡೆ ನೋಡಿದಳು. ಆಮೇಲೆ ಗೋಡೆಯ ಮೇಲಿದ್ದ ಮದುವೆಯ ಫೋಟೋ ನೋಡಿದಳು. ಕೊನೆಗೆ ಎರಡನ್ನೂ ಬಿಟ್ಟು ಸೂರಿನ ಕಡೆ ಮುಖ ಮಾಡಿದಳು.

ಹೆಂಡತಿ: ಅಡುಗೆ ಮಾಡ್ತಾರೆ ಅಂದೆ. ತಿನ್ನೋ ಹಾಗಿರುತ್ತೆ ಅಂದೆನಾ?

ಗುಮಾಸ್ತೆ: ಓ.

ಹೆಂಡತಿ: ಇದೆಲ್ಲ ಅವರಿಗೆ ಹೇಳಲ್ಲ ತಾನೆ?

ಗುಮಾಸ್ತೆ: ಛೆ ಛೆ. ಇಲ್ಲಿಂದ ಒಂದಕ್ಷರ ಆಚೆ ಹೋಗಲ್ಲ.

ಫೋನಿನೊಳಗಿಂದ ಇನ್ನೊಂದು ದನಿ: ಕೈ ನಡುಗುತ್ತಾ ಅಂತ ಕೇಳಿ ಮೇಡಂ. ಅದಿದ್ರೆ ಬೇಗ ಸಿಗುತ್ತೆ.

ಹೆಂಡತಿ: ಅದ್ಯಾರು?

ಗುಮಾಸ್ತೆ: ಪಕ್ಕದ ಮೇಜಮ್ಮ. ನೀರಿನ ಕಂದಾಯದವರು. ನಮ್ಮವರೇ. ನಡುಗುತ್ತಾ?

ಹೆಂಡತಿ: ನಡುಗುತ್ತೆ ಅಂತಲೇ ಬರ್ಕೊಳ್ಳಿ. ಮರೆವೂ ಇದೆ. ಒಲೆ ಹಚ್ಚಿದ್ರೆ ಆರಿಸೋದು ಗೊತ್ತಿಲ್ಲ. ಒಂದು ಮಾತು ಹೇಳಿದ್ರೆ ಮೂರು ಸಲ ಹೇಳಿಸ್ಕೋತಾರೆ. ನಾನು ಮಾತಾಡ್ತಿರೋವಾಗ ನಿದ್ದೆ ಹೋಗ್ತಾರೆ.

ಒಂದು ಸುಳ್ಳು ಹೇಳಲು ಬಾಯಿ ತೆರೆದವಳಿಗೆ ದಾರಿಯಲ್ಲಿ ನಾಲ್ಕು ನಿಜಗಳೂ ಸಿಕ್ಕವು. ಎಷ್ಟೋ ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಸರ್ಕಾರವೇ ಕೂತು ಬರೆದುಕೊಳ್ಳುತ್ತಿದೆ ಎಂದರೆ ಯಾವ ಹೆಂಡತಿ ತಾನೇ ಅರ್ಧಕ್ಕೆ ನಿಲ್ಲಿಸುತ್ತಾಳೆ? ಫೋನು ಇಟ್ಟ ಮೇಲೆ ಮಾತ್ರ ಅವಳಿಗೆ ಕಸಿವಿಸಿಯಾಯಿತು. ಗಂಡ ಹಾಲು ತಂದು ಬಿಸಿ ಮಾಡಿ ಲೋಟ ಕೈಗಿತ್ತಾಗ, ಅವನ ಕೈ ಒಂದಿಷ್ಟೂ ನಡುಗದ್ದನ್ನು ಕಂಡು ಕಸಿವಿಸಿ ಹೆಚ್ಚಾಯಿತು.

ಮಧ್ಯಾಹ್ನ ಮತ್ತೆ ಫೋನು ಹೊಡೆದುಕೊಂಡಿತು. ಗಂಡ ಎತ್ತಿದ.

ಗುಮಾಸ್ತೆ: ಯಜಮಾನ್ರೇ, ದೃಢೀಕರಣಕ್ಕೆ ಮಾಡಿದ್ದು. ಬರ್ಕೊಂಡಿರೋದನ್ನ ಓದ್ತೀನಿ, ಸರಿಯಿದ್ರೆ ಹೌದು ಅನ್ನಿ.

ಗಂಡ: ಹೆಂಡತಿ ಬಗ್ಗೆ ಏನೂ ಹೇಳೋ ಹಾಗಿಲ್ಲ ಅಂದ್ರಿ?

ಗುಮಾಸ್ತೆ: ಇದು ಅವರ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನಿಮ್ಮ ಬಗ್ಗೆ ನಮ್ಮ ಹತ್ರ ಏನಿದೆ ಅಂತ ತಿಳ್ಕೊಳ್ಳೋದು ನಿಮ್ಮ ಹಕ್ಕು.

ಹೆಂಡತಿ ಹೊದಿಕೆಯನ್ನು ಮೆಲ್ಲಗೆ ಮುಖದ ಮೇಲೆ ಎಳೆದುಕೊಂಡಳು.

ಗುಮಾಸ್ತೆ: ಪತಿ ಮಾಡೋ ಅಡುಗೆ ತಿನ್ನೋ ಹಾಗಿರಲ್ಲ.

ಗಂಡ ಹೊದಿಕೆಯನ್ನು ನೋಡಿದ. ಬೆಳಿಗ್ಗೆ ಅದೇ ಹೊದಿಕೆಯ ಕೆಳಗಿನ ಹೊಟ್ಟೆ ಎರಡು ಸಲ ಬಡಿಸಿಕೊಂಡು ತಿಂದಿತ್ತು.

ಗಂಡ: ಹೌದು.

ಗುಮಾಸ್ತೆ: ಪತಿಗೆ ಮರೆವು.

ಗಂಡ: ಹೌದು. ಇಂದು ಬೆಳಿಗ್ಗೆ ನೋಡಿ, ಮನೇಲಿ ಹಾಲಿದೆ ಅನ್ನೋದನ್ನೇ ಮರೆತು ಹಾಲು ತಂದೆ.

ಗುಮಾಸ್ತೆ: ಪತಿಗೆ ಕೈ ನಡುಗುತ್ತೆ.

ಈ ಮಾತು ನಾಟಿತು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತದೆಂದು ಹೆಸರು ಮಾಡಿದ್ದ ಕೈ ಅದು. ಅವನು ಅದನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಹೊದಿಕೆ ಉಸಿರು ಬಿಗಿಹಿಡಿದಿತ್ತು.

ಗಂಡ: ಹೌದು ಮೇಡಂ, ನಡುಗುತ್ತೆ. ಇವಳು ಪಾಪ ಕಮ್ಮಿ ಹೇಳಿದ್ದಾಳೆ. ಕಣ್ಣೂ ಮಂಜು. ರಾತ್ರಿ ಬಾಗಿಲು ತೆಗೆದಿಟ್ಟು ಮಲಗ್ತೀನಿ. ಕೋಪ ಬಂದ್ರೆ ಕೈಗೆ ಸಿಕ್ಕಿದ್ದು ಎಸೀತೀನಿ. ನನ್ನಂಥವನ ಕೈಲಿ ಏನಾಗುತ್ತೆ? ಒಬ್ಬ ಹೆಂಗಸನ್ನ ಕಳಿಸಿಕೊಡಿ, ಪುಣ್ಯ ಬರುತ್ತೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಚೇರಿ ಅದು. ಕೀಲಿಮಣೆಯ ಟಕಟಕ ಸದ್ದು ಕೇಳಿಸಿತು.

ಗುಮಾಸ್ತೆ: ಎಸೀತೀರಾ? ಹಾಗಾದ್ರೆ ಇದು ಸಹಾಯಕಿ ಕಳಿಸೋ ಕೇಸಲ್ಲ ಯಜಮಾನ್ರೇ. ನಾಳೆ ಬೆಳಿಗ್ಗೆ ವ್ಯಾನ್ ಬರುತ್ತೆ. ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ತೀವಿ.

ಹೊದಿಕೆ ಹಾರಿತು.

ಹೆಂಡತಿ: ಯಾರನ್ನ? ಯಾರನ್ನಮ್ಮ ಸೇರಿಸೋದು?

ಗುಮಾಸ್ತೆ: ಅಮ್ಮ, ಇದು ಅವರ ಮಾಹಿತಿ. ನೀವು ಕೇಳಿಸ್ಕೊಳ್ಳೋ ಹಾಗಿಲ್ಲ.

ಹೆಂಡತಿ: ಕೇಳಿಸ್ಕೊಂಡಾಯ್ತು, ಈ ಬೀದಿನೇ ಕೇಳಿಸ್ಕೊಂಡಾಯ್ತು. ಈ ಮನುಷ್ಯ ಎಸೆಯೋದಾ? ಹರಿದ ಚಿಂದಿನೇ ಎಸೆಯದೆ ಮೂರು ಮೂಟೆ ಇಟ್ಕೊಂಡಿದ್ದಾರೆ. ಅಡುಗೆ ನನಗಿಂತ ಚೆನ್ನಾಗಿ ಮಾಡ್ತಾರೆ. ಕೈ ನಡುಗಲ್ಲ. ನಾನು ಹೇಳಿದ್ದು ಸುಳ್ಳು. ಅವರು ಹೇಳಿದ್ದು ಇನ್ನೂ ದೊಡ್ಡ ಸುಳ್ಳು.

ಗುಮಾಸ್ತೆ: ಅಂದ್ರೆ ಸಮರ್ಥರು?

ಹೆಂಡತಿ: ಸಮರ್ಥರೇ.

ಗುಮಾಸ್ತೆ: ಹಾಗಾದ್ರೆ ಸಹಾಯಕಿ ಇಲ್ಲ.

ಹೆಂಡತಿ: ಇದೊಳ್ಳೆ ನ್ಯಾಯ. ಗಂಡ ಒಳ್ಳೆಯವನಾದ್ರೆ ಸಹಾಯಕಿ ಇಲ್ಲ, ಕೆಟ್ಟವನಾದ್ರೆ ಮನೆಯೇ ಇಲ್ಲ.

ಗುಮಾಸ್ತೆ: ಇಲ್ಲಿ ಎರಡೇ ಚೌಕ ಇರೋದಮ್ಮ. ಸಮರ್ಥ, ಅಸಮರ್ಥ. ನಡುವೆ ಬೆರಳಿಡೋಕೆ ಜಾಗ ಇಲ್ಲ.

ಗಂಡ: ಎಲ್ಲದಕ್ಕೂ ಸಮರ್ಥ, ಸ್ನಾನ ಮಾಡಿಸೋಕೆ ಮಾತ್ರ ಅಸಮರ್ಥ ಅಂತ ಹಾಕಿ.

ಗುಮಾಸ್ತೆ: ಕಾರಣ?

ಹೆಂಡತಿ: ಬೇಡ ರೀ, ಬಿಡಿ. ಏನೂ ಬೇಡ. ಫೋನ್ ಇಡಿ.

ಗಂಡ: ಅವಳಿಗೆ ನಾಚಿಕೆಯಾಗುತ್ತೆ ಮೇಡಂ.

ಯಾರಿಗೂ ಹೇಳದ ಮಾತು ಸ್ಪೀಕರಿನಲ್ಲಿ ಹೋಯಿತು. ಹೆಂಡತಿಯ ಮುಖ ಕೆಂಪಾಯಿತು. ಎದುರು ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ನಿಂತಿತು.

ಗುಮಾಸ್ತೆ: ಯಜಮಾನ್ರೇ, ಅದು ತೀರಾ ಖಾಸಗಿ ವಿಷಯ. ಅಂಥದ್ದನ್ನೆಲ್ಲ ನಾವು ಬರ್ಕೊಳ್ಳೋ ಹಾಗಿಲ್ಲ.

ಪಕ್ಕದ ಮೇಜು: ಕಾರಣ ಗೌಪ್ಯ ಅಂತ ಹಾಕಿಬಿಡಿ ಮೇಡಂ. ಗೌಪ್ಯ ಅಂತಿದ್ರೆ ಸಾಹೇಬ್ರೂ ಕೇಳೋ ಹಾಗಿಲ್ಲ. ಕೇಳದೇ ಇದ್ರೆ ತಿರಸ್ಕರಿಸೋ ಹಾಗೂ ಇಲ್ಲ.

ಟಕಟಕ ಸದ್ದಾಯಿತು. ಒಂದು ಸಣ್ಣ ಟಿಂಗ್ ಎಂಬ ಶಬ್ದವೂ ಬಂತು.

ಗುಮಾಸ್ತೆ: ಮಂಜೂರಾಯ್ತಮ್ಮ. ಸೋಮವಾರದಿಂದ ಬರ್ತಾಳೆ.

ಗಂಡ: ಎಷ್ಟೊತ್ತಿಗೆ ತಾಯಿ?

ಗುಮಾಸ್ತೆ: ನೀವು ಫೋನ್ ಅವರಿಗೆ ಕೊಡಿ.

ಫೋನು ಇಟ್ಟ ಮೇಲೆ ಗಂಡ ಹೊದಿಕೆಯನ್ನು ಎತ್ತಿ, ಕೊಡವಿ, ಅವಳ ಕಾಲಿನ ಮೇಲೆ ಹೊದಿಸಿ ಮಂಚದ ತುದಿಯಲ್ಲಿ ಕೂತ. ಸೋಮವಾರ ಸಹಾಯಕಿ ಬರುತ್ತಾಳೆಂದು ಹೆಂಡತಿಯ ಮನಸ್ಸು ಹಗುರವಾಗಿತ್ತು. ಆದರೆ ಇನ್ನೊಂದು ವಿಷಯ ಅವಳನ್ನು ಕೊರೆಯುತ್ತಿತ್ತು.

ಹೆಂಡತಿ: ನಂಗೆ ನಾಚಿಕೆ ಅಂತ ನಿಮಗ್ಯಾರು ಹೇಳಿದ್ದು?

ಗಂಡ: ನೀರು ಹಾಕೋವಾಗ ಕಣ್ಣು ಮುಚ್ಕೋತೀಯಲ್ಲ.

ಹೆಂಡತಿ: ಅದು ಸೋಪು ಬೀಳುತ್ತೆ ಅಂತ.

ಗಂಡ: ಸೋಪು ಇನ್ನೂ ಡಬ್ಬಿಯಲ್ಲೇ ಇರುತ್ತೆ ಕಣೇ.

ಹೆಂಡತಿ: ಅಂದ್ರೆ ಅಷ್ಟು ಹೊತ್ತೂ ನನ್ನನ್ನೇ ದಿಟ್ಟಿಸಿ ನೋಡ್ತಿರ್ತೀರಾ?

ಗಂಡ: ಒಂದೇ ಒಂದು ಸಲ ನೋಡಿದ್ದು. ನೀನು ಕಣ್ಣು ಮುಚ್ಚಿದ್ದು ಕಂಡು ನಂಗೂ ಒಂಥರಾ ಆಯ್ತು. ಆವತ್ತಿಂದ ನಾನೂ ಮುಚ್ಕೊಂಡೇ ನೀರು ಹಾಕೋದು.

ಹೆಂಡತಿ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಅವನ ಮೊಣಕೈಯನ್ನು ಮೆಲ್ಲಗೆ ಚಿವುಟಿದಳು.

ಹೆಂಡತಿ: ಅದೇ ಅಂದ್ಕೊಂಡೆ. ಇಷ್ಟು ದಿನ ಸ್ನಾನ ಆಗ್ತಿದ್ದಿದ್ದು ಗೋಡೆಗೆ.