ಏಳರ ಪಂದ್ಯ, ಒಂದು ಪ್ಲೇಟ್ ಗಿರ್ಮಿಟ್

“ಮೊದಲ ಏಳರಿಂದ ಗುಣಸ್ರಿ. ಆಮ್ಯಾಲೆ ಮೆರೀರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಮಂದಿಗೆ ಕಡೇ ಮಾತಿನಲ್ಲಿ ದೇವರ ಹೆಸರು ಸಿಗುತ್ತದೆ. ನನಗೆ ಮಗ್ಗಿ ಸಿಕ್ಕಿತು. ನಮ್ಮ ಮನೆಯಲ್ಲಿ ಇಂಥವೇ ಆಗುತ್ತಿದ್ದವು.

ಗೋಡೆ ಮೇಲಿನ ಸಂಖ್ಯೆ

ಕಮರಿಪೇಟೆಯಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಓದಿದ್ದು ನಾಲ್ಕನೇ ಇಯತ್ತೆ. ಒಬ್ಬ ಮಾಸ್ತರರು ಪಂಕ್ಚರ್ ತೆಗೆಸಲು ಬಂದರು. ಕಾಯುತ್ತ ಕೂತವರು ಗೋಡೆ ಮೇಲೆ 142857 ಅಂತ ಬರೆದರು.

“ಎರಡರಿಂದ ಗುಣಸು.”

ಗುಣಿಸಿದೆ. 285714.

“ಮೂರರಿಂದ?”

428571. ಅವೇ ಆರು ಅಂಕಿ, ಅದೇ ಸಾಲು. ಗಾಲಿ ತಿರುಗಿದ ಹಾಗೆ, ಶುರು ಆಗುವ ಜಾಗ ಅಷ್ಟೇ ಬೇರೆ. ಆರರ ತನಕ ಹಾಗೇ ಬಂತು.

“ಇದರ ಗಾಳಿ ಎಲ್ಲೂ ಹೋಗಂಗಿಲ್ಲಲ್ರಿ ಸರ,” ಅಂದೆ.

“ಅದರದಿರಲಿ. ನನ್ನ ಟ್ಯೂಬಿಂದು ನೋಡು.”

ಮೊಬೈಲಿನ ಸಾಕ್ಷಿ

ಎದುರಿನ ಕಾಳಿನ ವ್ಯಾಪಾರಿ ನನ್ನ ಹಳೇ ದೋಸ್ತ. “ಯಾವ ಅಂಕಿಯಿಂದ ಬೇಕಾದ್ರ ಗುಣಸು, ಅವೇ ಆರು ಬರ್ತಾವ,” ಅಂದೆ. ಪಂದ್ಯಕ್ಕೆ ಖಾರ ಕಲಸಿದ ಚುರುಮುರಿ, ಒಂದು ಪ್ಲೇಟ್ ಗಿರ್ಮಿಟ್. ಅವನು ಐದು ಹಿಡಿದ. 714285 ಬಂತು. ನಂಬದೆ ಮೊಬೈಲಿನಲ್ಲಿ ಒತ್ತಿ ನೋಡಿದ. ಅದೇ ಬಂತು.

“ಈ ಮೊಬೈಲೂ ನಿನ್ನ ಪಾರ್ಟಿ ಸೇರೇತಿ,” ಅಂದ.

ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

“ಏಳರಿಂದ ಗುಣಿಸಿದ್ರ?”

“ಅವೇ ಬರ್ತಾವ.”

“ಬರಂಗಿಲ್ಲ. ಪಂದ್ಯ?”

“ಪಂದ್ಯ.”

“ನೀವು ಸೋತ್ರ ಗಿರ್ಮಿಟ್ ಮನೀಗೆ ಬರಬೇಕು. ಇವತ್ತ ಗೆದ್ದದ್ದು ಅಲ್ಲೇ ತಿಂದು, ಮನೀಗೆ ಬರೇ ಲೆಕ್ಕ ತಂದೀರಿ.”

ನಾನು ಗುಣಿಸಲಿಲ್ಲ. ನಾಳೆ ಅಂದೆ. ಆಕೆ ದಿನಾ ಕೇಳಿದಳು. ದಿನಾ ನಾಳೆ ಅಂದೆ.

ಗುಳಿಗೆ

ಮುಂದೆ ಆಕೆ ಜಡ್ಡಾಗಿ ವಿದ್ಯಾನಗರದ ದವಾಖಾನೆಯಲ್ಲಿ ಮಲಗಿದ್ದಳು. ನಗಿಸೋಣ ಅಂತ ಮತ್ತೆ ನನ್ನ ಸಂಖ್ಯೆ ಹೊಗಳಿದೆ. ಆಗ ಆ ಏಳರ ಮಾತು ಹೇಳಿದಳು. ಪಕ್ಕದಲ್ಲಿದ್ದ ನರ್ಸಮ್ಮ ಗಾಬರಿಯಾದರು.

“ಏಳು ಬ್ಯಾಡ್ರಿ ಕಾಕಾ. ಗುಳಿಗಿ ಮೂರ ಸಾಕು.”

ಆಕೆ ನಕ್ಕಳು. ಅವತ್ತೇ ಹೋದಳು.

ಆರಕ್ಕೆ ಆರು

ಆಮೇಲೂ ಗುಣಿಸಲಿಲ್ಲ. ಗುಣಿಸಿದರೆ ಜಗಳ ಮುಗಿಯುತ್ತದೆ. ಮುಗಿದ ಮೇಲೆ ಆಕೆ ಜೋಡಿ ಆಡಲು ಏನು ಉಳಿಯಿತು?

ಆಕೆಯ ಪಂದ್ಯದ ಸಂಗತಿ ವ್ಯಾಪಾರಿಗೂ ಹೇಳಿದ್ದೆ. ಒಂದು ಸಂಜೆ ಅವನು ಅಂದ, “ಸೋಲ್ತೀನಂತ ಅಂಜಿಕೇನಲೇ? ಆಕಿ ಗಿರ್ಮಿಟ್ ತಣ್ಣಗಾಗಾಕತ್ತೇತಿ.”

ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿದೆ. ಆಕೆ ಹೋದಾಗಿನಿಂದ ಅಲ್ಲಿ ರಂಗೋಲಿ ಬಿದ್ದಿರಲಿಲ್ಲ. ಆಕೆಯ ರಂಗೋಲಿ ಡಬ್ಬಿ ತಂದು, ಕೂತು, ನೆಲದ ಮೇಲೆ ಗುಣಿಸಿದೆ. ಏಳೇಳ್ಲೆ ನಲವತ್ತೊಂಬತ್ತು. ಒಂಬತ್ತು ಬರೆದೆ, ನಾಲ್ಕು ಕೈಯಲ್ಲಿ. ಮುಂದಿನದೂ ಒಂಬತ್ತು. ಅದರ ಮುಂದಿನದೂ.

999999.

ಗಾಲಿ ನಿಂತೇಬಿಟ್ಟಿತು. ನನ್ನ ಅಂಕಿ ಒಂದೂ ಇಲ್ಲ. ಆಕೆ ಗೆದ್ದಳು, ಆರಕ್ಕೆ ಆರು. ಸುತ್ತ ಹೂಬಳ್ಳಿ ಬಿಡಿಸಿದೆ.

ಪಕ್ಕದ ಮನೆ ಹುಡುಗಿ ನಿಂತು ನೋಡಿದಳು. “ಕಾಕಾ, ದಾರ ಕಟ್ಟಿದ ಆರು ಬಲೂನ್ ಯಾಕ್ರಿ? ಯಾರ ಹುಟ್ಟಿದಹಬ್ಬ?”

“ಬಲೂನ್ ಅಲ್ಲವ್ವ. ನಿಮ್ಮ ಕಾಕು ಗೆದ್ದಾಳ.”

ಒಂದು ಪ್ಲೇಟ್ ಗಿರ್ಮಿಟ್, ಜೋಡಿಗೆ ಎರಡು ಮಿರ್ಚಿ ಭಜಿ ಕಟ್ಟಿಸಿಕೊಂಡು ಸೀದಾ ಮನೆಗೆ ತಂದೆ. ಆಕೆಯ ಫೋಟೊ ಮುಂದೆ ಇಟ್ಟೆ. ದಾರಿಯಲ್ಲಿ ಒಂದು ಭಜಿ ಮಾತ್ರ ತಿಂದಿದ್ದೆ.