ಒಂದೇ ಮಾತಿನ ಅಜ್ಜಾರು

ಬಿಟ್ಟಿ ಕೊಟ್ಟರೂ ಯಾರೂ ಮನೆಗೆ ಒಯ್ಯದ ವಸ್ತು ಜಗತ್ತಿನಲ್ಲಿ ಒಂದಿದ್ದರೆ ಅದು ನನ್ನ ಸಲಹೆ. ವಿನಯಕ್ಕಾಗಿ ಹೀಗೆ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ಅಣ್ಣಿಗೇರಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಬೀಜದ ಚೀಲದ ಜೊತೆಗೆ ಒಂದಿಷ್ಟು ತಿಳುವಳಿಕೆಯನ್ನೂ ಕಟ್ಟಿಕೊಡುವುದು ನನ್ನ ರೂಢಿ. ಭೂಮಿಯ ಹದ ಹೇಗಿರಬೇಕು, ಬೀಜ ಎಷ್ಟು ಆಳಕ್ಕೆ ಬೀಳಬೇಕು, ನಮ್ಮ ತಂದೆಯವರ ಕಾಲದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಿದ್ದರು, ಈಗಿನವರು ಎಲ್ಲಿ ತಪ್ಪುತ್ತಾರೆ, ಹೀಗೆ ಮಾತು ಬೆಳೆಯುತ್ತದೆ. ಗಿರಾಕಿಗಳು "ಹೌದ್ರಿ, ಹೌದ್ರಿ" ಅನ್ನುತ್ತಲೇ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿರುತ್ತಾರೆ. ಬಾಜೂ ಅಂಗಡಿಯಲ್ಲಿ ಪಂಪು ರಿಪೇರಿ ಮಾಡುವ ಮೌಲಾಸಾಬ್ ಒಮ್ಮೆ ಇದನ್ನೆಲ್ಲ ನೋಡಿ, "ಬಸಣ್ಣಾರ, ನೀವು ಬೀಜ ಮಾರ್ರಿ. ಬುದ್ಧಿ ಗೋಡೌನಿನ್ಯಾಗ ಇರ್ಲಿ, ಅದೇನು ಕೆಡೂದಿಲ್ಲ" ಎಂದಿದ್ದ. ಅಂದಿನಿಂದ ಅವನಿಗೂ ಸಲಹೆ ಕೊಡುವುದನ್ನು ಬಿಟ್ಟಿದ್ದೇನೆ. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಇಂಥ ನಾನು ಈ ದಸರಾ ರಜೆಯಲ್ಲಿ ಒಬ್ಬ ಮುದುಕನ ಎದುರು ಬಾಯಿ ತೆರೆದು ಕುಳಿತುಬಿಟ್ಟೆ. ಆ ಮುದುಕ ಇದ್ದದ್ದು ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ. ಮಗಳು ಶಿಲ್ಪಾ ಧಾರವಾಡದಲ್ಲಿ ಎಂ.ಎ. ಓದುತ್ತಾಳೆ. ರಜೆಗೆಂದು ಶಲವಡಿಯ ನಮ್ಮ ಮನೆಗೆ ಬಂದವಳು ಪಡಸಾಲೆಯ ಮೂಲೆ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲೋ ಕುಳಿತ ತನ್ನ ಗೆಳತಿಯೊಡನೆ ಒಂದು ಆಟ ಆಡುತ್ತಿದ್ದಳು. ಕತ್ತಿ, ಕಾಡು, ಕೋಟೆ, ಬೆಂಕಿ ಉಗುಳುವ ಪ್ರಾಣಿ ಎಲ್ಲವೂ ಅದರಲ್ಲಿದ್ದವು. ಬುದ್ಧಿ ಹೇಳೋಣವೆಂದೇ ನಾನು ಅವಳ ಹಿಂದೆ ಹೋಗಿ ನಿಂತದ್ದು. ಅಷ್ಟರಲ್ಲಿ ಪರದೆಯ ಮೇಲೆ ಆ ಮುದುಕರು ಕಂಡರು. ಹೊಳೆಯ ದಂಡೆ, ಮರದ ಬುಡ, ಮುಂದೆ ಸಣ್ಣ ಬೆಂಕಿ, ಎದೆ ಮುಟ್ಟುವ ಬಿಳಿ ಗಡ್ಡ, ಹೆಗಲ ಮೇಲೆ ಕಂಬಳಿ. ಶಿಲ್ಪಾ ಆಡಿಸುತ್ತಿದ್ದ ವೀರನಾರಿ ಓಡುತ್ತ ಬಂದು ಎದುರು ನಿಂತಳು. ಅವರು ಅವಸರ ಮಾಡಲಿಲ್ಲ. ಬೆಂಕಿಗೆ ಒಂದು ಕಟ್ಟಿಗೆ ಹಾಕಿ, ತಲೆ ಎತ್ತಿ, ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದರು. ಮೋಡ ಸರಿಯುವ ತನಕ ಹೊಳೆ ದಾಟಬೇಡ. ಅಷ್ಟೇ. ಅಷ್ಟು ಹೊತ್ತು ಸಿಕ್ಕಸಿಕ್ಕವರನ್ನು ಕಡಿಯುತ್ತಿದ್ದ ಆ ಹುಡುಗಿ ಕತ್ತಿ ಒರೆಗೆ ಸೇರಿಸಿ ಸುಮ್ಮನೆ ಕುಳಿತಳು.

ಅರ್ಧ ತಾಸು ಮಾತಾಡಿದರೂ ನಾನು ಒಬ್ಬ ಗಿರಾಕಿಯ ಕೈಯಿಂದ ಒಂದು ತಪ್ಪು ಬೀಜದ ಪೊಟ್ಟಣ ಕೆಳಗಿಡಿಸಲಾರೆ. ಇವರು ಒಂದೇ ಸಾಲಿನಲ್ಲಿ ಕತ್ತಿ ಇಳಿಸಿದರು. ಇಂಥವರು ಪ್ರತಿ ಆಟದಲ್ಲೂ ಒಬ್ಬರಿರುತ್ತಾರೆಂದು ಶಿಲ್ಪಾ ಹೇಳಿದಳು. ಒಂದರಲ್ಲಿ ಗುಹೆಯಲ್ಲಿ, ಒಂದರಲ್ಲಿ ಗುಡ್ಡದ ತುದಿಯಲ್ಲಿ, ಹೀಗೆ ಊರಿಗೆ ತುಸು ಆಚೆಗೇ ಅವರ ವಾಸ. ಅವರಿಗೆ ಅಂಗಡಿ ಇಲ್ಲ, ಹೊಲವಿಲ್ಲ, "ಮುಂಜಾನಿಂದ ಏನು ಮಾಡಿದ್ರಿ" ಎಂದು ಕೇಳುವ ಹೆಂಡತಿಯಿಲ್ಲ. ಅವರ ಗೌರವಕ್ಕೆ ಇದೇ ಕಾರಣವಿರಬಹುದೆಂದು ನನಗೆ ಮೊದಲು ಅನ್ನಿಸಿತು. ಆದರೆ ಆ ಕಣ್ಣುಗಳನ್ನು ಮತ್ತೊಮ್ಮೆ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಮರುದಿನ ಅಂಗಡಿಯಲ್ಲಿ ನಾನೂ ಪ್ರಯೋಗ ಮಾಡಿ ನೋಡಿದೆ. ಗಿರಾಕಿಯೊಬ್ಬ ಗೊಬ್ಬರ ಕೇಳಿದಾಗ ನಿಧಾನವಾಗಿ ತಲೆ ಎತ್ತಿ, "ಕಾಲ ಬರಲಿ" ಎಂದು ಹೇಳಿ ಸುಮ್ಮನಾದೆ. ಅವನು ನನ್ನನ್ನೇ ದಿಟ್ಟಿಸಿ, "ಯಾಕ್ರಿ, ಸ್ಟಾಕ್ ಬಂದಿಲ್ಲೇನ್ರಿ?" ಎಂದು ಕೇಳಿ ಬೇರೆ ಅಂಗಡಿಗೆ ಹೋದ.

ಇದೆಲ್ಲ ನಡೆಯುತ್ತಿದ್ದಾಗ ಮನೆಯಲ್ಲಿ ಬೇರೊಂದು ಯುದ್ಧ ನಡೆದಿತ್ತು. ಹೊಲ ನೋಡಿಕೊಳ್ಳುವವನು ನನ್ನ ಅಣ್ಣ ಮಲ್ಲಪ್ಪ. ಹಿಂಗಾರಿ ಕಡಲೆ ಬಿತ್ತಲು ಅವನು ತುದಿಗಾಲಲ್ಲಿ ನಿಂತಿದ್ದ. ಟ್ರ್ಯಾಕ್ಟರಿನವನಿಗೆ ಹೇಳಿಯೂ ಆಗಿತ್ತು. ಆಕಾಶ ನೋಡಿದರೆ ನವಲಗುಂದದ ಕಡೆಯಿಂದ ಮೋಡ ದಟ್ಟವಾಗಿ ಏರುತ್ತಿತ್ತು. ಬಿತ್ತಿದ ಮೇಲೆ ಜೋರು ಮಳೆ ಹೊಡೆದರೆ ನಮ್ಮ ಕಪ್ಪು ಎರೆಭೂಮಿ ಹೆಪ್ಪುಗಟ್ಟಿ, ಬೀಜ ಒಳಗೇ ಕೊಳೆತುಹೋಗುತ್ತದೆ. ಆ ವರ್ಷದ ಬೀಜವೆಲ್ಲ ಮಣ್ಣುಪಾಲು. ಇದನ್ನು ನಾನು ಅಣ್ಣನಿಗೆ ಊಟಕ್ಕೆ ಕುಳಿತಾಗ ಹೇಳಿದೆ, ಅವನು ದನಗಳಿಗೆ ನೀರು ಕುಡಿಸುವಾಗ ಹೇಳಿದೆ, ಅವನು ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಂತೂ ಹೇಳಿದೆ. "ಲೇ ಬಸ್ಯಾ, ನೀ ಬೀಜ ಮಾರಾಂವ, ನಾ ಬಿತ್ತಾಂವ. ನಾಳೆ ಬಿತ್ತೂದು ಖರೆ" ಎಂದು ಒಳಗಿನಿಂದ ಉತ್ತರ ಬಂತು.

ಅಂದು ಸಂಜೆ ಅಣ್ಣ ಹೊಲದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಪಡಸಾಲೆಯಲ್ಲಿ ಶಿಲ್ಪಾ ಹೆಡ್‌ಫೋನಿನೊಳಗೆ ಗೆಳತಿಗೆ ರೇಗುತ್ತಿದ್ದಳು: "ಎಷ್ಟು ಅವಸರ ಮಾಡ್ತೀಬೇ? ಅಜ್ಜಾರು ಹೇಳ್ಯಾರಲ್ಲ, ಮೋಡ ಸರಿಯೂತನಕ ಸುಮ್ಮನ ಕುಂದ್ರು."

ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಎನ್ನುತ್ತಾರೆ. ಸ್ವಾಮಿಗಳಿಗೆ ಇನ್ನೂ ಮೀಸೆ ಚಿಗುರುತ್ತಿದ್ದರೂ ಅವರು ಅಜ್ಜಾರೇ. ಮದುವೆ ಇರಲಿ, ಮನೆಯ ಪಾಯ ಇರಲಿ, ಅಜ್ಜಾರು ಹೇಳ್ಯಾರ ಎಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಅಣ್ಣ ತಂಬಿಗೆ ಕೆಳಗಿಟ್ಟ. ಒದ್ದೆ ಕಾಲಲ್ಲೇ ನಿಂತು ಒಮ್ಮೆ ಆಕಾಶ ನೋಡಿದ. ಆಮೇಲೆ ಟ್ರ್ಯಾಕ್ಟರಿನವನಿಗೆ ಫೋನ್ ಹಚ್ಚಿ, "ನಾಳೆ ಬ್ಯಾಡಪಾ. ಅಜ್ಜಾರು ಹೇಳ್ಯಾರಂತ" ಎಂದ. ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿ ಕೆಲಸಕ್ಕೆ ಬಂದದ್ದು ಅದು ಮುಚ್ಚಿದ್ದಾಗಲೇ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಮುಂಜಾನೆ ನೋಡಿದರೆ ಸುದ್ದಿ ಊರಬಾಗಿಲ ಅಗಸಿಯ ಕಟ್ಟೆ ತಲುಪಿತ್ತು. ನಮ್ಮ ಓಣಿಯವರೆಲ್ಲ ಬಿತ್ತನೆ ನಿಲ್ಲಿಸಿ ಕುಳಿತಿದ್ದರು. ಮಠದ ಅಜ್ಜಾರು ಪರಊರಿಗೆ ಹೋಗಿದ್ದರು. ಅವರು ಬಂದು "ನಾ ಯಾವಾಗ ಹೇಳೀನಿ" ಎಂದರೆ? ಮಳೆ ಬಾರದೆ ಭೂಮಿಯ ಹಸಿಯೇ ಆರಿಹೋದರೆ? ಅಣ್ಣನ ಕೈಹಿಡಿದು ಪಡಸಾಲೆಗೆ ಕರೆತಂದು, "ಅಣ್ಣ, ತಪ್ಪು ತಿಳಕೊಂಡಿ. ಅಜ್ಜಾರು ಅಂದ್ರ ಮಠದವರಲ್ಲ, ಇವರು" ಎಂದು ಲ್ಯಾಪ್‌ಟಾಪ್ ತೋರಿಸಿದೆ.

ಅಣ್ಣ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಪರದೆಯನ್ನು ನೋಡಿದ, ತಲೆಯ ಮೇಲಿನ ಟೊಪ್ಪಿಗೆ ತೆಗೆದ, ನೆಲದ ಮೇಲೆ ಕುಳಿತ. "ಏನಂತಾರ, ಕೇಳವಾ" ಎಂದು ಶಿಲ್ಪಾಗೆ ಹೇಳಿದ. ಅವಳು ಗುಂಡಿ ಒತ್ತಿದಳು. ಅವರು ಬೆಂಕಿಗೆ ಕಟ್ಟಿಗೆ ಹಾಕಿ, ತಲೆ ಎತ್ತಿ, ಅದೇ ಮಾತು ಹೇಳಿದರು. ಶಿಲ್ಪಾ ಅದನ್ನು ಕನ್ನಡದಲ್ಲಿ ಹೇಳಿದಳು. "ಇನ್ನೊಮ್ಮೆ ಕೇಳು," ಎಂದ ಅಣ್ಣ. ಮತ್ತೆ ಅದೇ ಕಟ್ಟಿಗೆ, ಅದೇ ಮಾತು. ಅವನು ಮತ್ತೆ ಮತ್ತೆ ಕೇಳಿಸಿದ.

"ದೊಡ್ಡಪ್ಪ, ಅವರು ಅದೊಂದ ಹೇಳೂದು. ಆಟ ಮಾಡಿದವರು ಹಂಗ ಬರದಿರ್ತಾರ" ಎಂದು ಶಿಲ್ಪಾ ನಗುತ್ತ ವಿವರಿಸಿದಳು.

"ನಗಬ್ಯಾಡ," ಎಂದ ಅಣ್ಣ. "ಎಷ್ಟು ಸಲ ಕೇಳಿದ್ರೂ ಮಾತು ಬದಲಿ ಮಾಡ್ಲಿಲ್ಲ ನೋಡು. ಬ್ಯಾಸರನೂ ಮಾಡ್ಕೊಳ್ಳಲಿಲ್ಲ. ಇಂಥವರು ಈಗ ಎಲ್ಲಿ ಅದಾರ?" ಹೀಗೆಂದು ನನ್ನ ಕಡೆ ನೋಡಿದ. ನೋಡಬೇಕಾದ ಅಗತ್ಯವಿರಲಿಲ್ಲ. ಬಿತ್ತನೆ ಬೇಡವೆಂಬ ತೀರ್ಮಾನವನ್ನು ಅವನು ಬದಲಿಸಲಿಲ್ಲ. ನಾನೂ ಅವನ ಬಾಜೂ ನೆಲದ ಮೇಲೆ ಕುಳಿತೆ. ಬೆಂಕಿ ಉರಿಯುತ್ತಿತ್ತು, ಆ ಮುದುಕರ ಮುಖದಲ್ಲಿ ಅಷ್ಟು ಶಾಂತಿ ಇತ್ತು. ಅವರು ಬರಿಯ ಬಣ್ಣ ಎಂದು ಗೊತ್ತಿದ್ದೂ ನನ್ನ ಕೈಗಳು ತಾವೇ ಮುಗಿದುಕೊಂಡವು.

ಮಳೆ ಬಂತು. ಎಂಥ ಮಳೆ ಎಂದರೆ ನಮ್ಮ ಹೊಲ ಯಾವುದು, ಪಕ್ಕದ ಹಳ್ಳ ಯಾವುದು ಎಂದು ತಿಳಿಯದಂಥದ್ದು. ಅವಸರ ಮಾಡಿ ಬಿತ್ತಿದ ಆಚೆ ಓಣಿಯವರು ಮತ್ತೆ ಬೀಜಕ್ಕೆಂದು ನನ್ನ ಅಂಗಡಿಗೇ ಬಂದರು. ನಮ್ಮ ಬೀಜ ಚೀಲದಲ್ಲಿ ಬೆಚ್ಚಗಿತ್ತು. ನಾನು ಸಂಕೋಚದಿಂದಲೇ, "ಅಣ್ಣ, ನಾನೂ ಇದನ್ನ ಹೇಳಿದ್ದೆ" ಎಂದೆ. "ಹೌದು, ಹೇಳಿದ್ದಿ. ಅದಕ್ಕ ಬಿತ್ತಬೇಕು ಅಂತ ಮಾಡಿದ್ದೆ" ಎಂದ ಅವನು.

ನೀರು ಇಂಗಿ, ಬಿಸಿಲು ಬಿದ್ದು, ಎರೆ ಹದಕ್ಕೆ ಬಂತು. ಅಣ್ಣ ಮಿಂದು, ಹಣೆಗೆ ವಿಭೂತಿ ಹಚ್ಚಿ ಪಡಸಾಲೆಗೆ ಬಂದ. "ಶಿಲ್ಪಾ, ಇವತ್ತ ಬಿತ್ತಬಹುದೇನು, ಅಜ್ಜಾರನ್ನ ಒಂದು ಮಾತು ಕೇಳಿಬಿಡು."

ಶಿಲ್ಪಾಳ ಮುಖ ಸಣ್ಣದಾಯಿತು. "ದೊಡ್ಡಪ್ಪ, ಅವರು ಹೋಗಿಬಿಟ್ರು. ಹೊಳಿ ದಾಟಿದ ಮ್ಯಾಲೆ ನಮ್ಮನ್ನ ಉಳಿಸಾಕ ಹೋಗಿ ತೀರಿಕೊಂಡ್ರು. ಎಲ್ಲಾ ಆಟದಾಗೂ ಹಂಗ. ಮುಂದಿಂದು ನಾವ ಆಡಬೇಕಲ್ಲ."

ಅಣ್ಣ ಲ್ಯಾಪ್‌ಟಾಪಿಗೆ ಕೈ ಮುಗಿದ. ಹೇಳಬೇಕಾದ್ದನ್ನು ಹೇಳಿ, ಮಾಡಬೇಕಾದ್ದನ್ನು ಮಾಡಿ, ತಾನು ಹೇಳಿದ್ದು ಖರೆ ಆಯಿತೆಂದು ತೋರಿಸಿಕೊಳ್ಳಲೂ ಉಳಿಯದೆ ಹೋಗಿಬಿಡುವುದೆಂದರೆ ಎಷ್ಟು ದೊಡ್ಡದು. ಕೊನೆಗೆ ಅಣ್ಣ ನನ್ನ ಕಡೆ ತಿರುಗಿ, "ಇನ್ನ ಮನ್ಯಾಗ ನೀ ಒಬ್ಬಾಂವ ಉಳದಿ. ಹೇಳಪಾ, ಬಿತ್ತಲೋ ಬ್ಯಾಡೋ?" ಎಂದ.

ನನ್ನ ಜೀವಮಾನದಲ್ಲಿ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಅವಸರ ಮಾಡಲಿಲ್ಲ. ನಿಧಾನವಾಗಿ ತಲೆ ಎತ್ತಿದೆ. ಒಂದೇ ಮಾತಿನಲ್ಲಿ ಮುಗಿಸಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. "ಬಿತ್ತು" ಎಂದೆ. ಅಣ್ಣ ಗೌರವದಿಂದ ತಲೆಯಾಡಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಬೀಜ ಎಷ್ಟು ಆಳಕ್ಕೆ ಬೀಳಬೇಕೆಂದು ಹೇಳದೆ ಹೇಗೆ ಬಿಡುವುದು? ಅದನ್ನು ಹೇಳಿ, ಬೀಜೋಪಚಾರಕ್ಕೆ ಬಂದು, ಅಲ್ಲಿಂದ ನಮ್ಮ ತಂದೆಯವರ ಕಾಲಕ್ಕೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಪಡಸಾಲೆ ಖಾಲಿಯಾಗಿತ್ತು, ಹೊರಗೆ ಟ್ರ್ಯಾಕ್ಟರ್ ಓಣಿ ದಾಟುವ ಸಪ್ಪಳ ಕೇಳುತ್ತಿತ್ತು.